ಸಂತ ಅಗಸ್ಟೀನ್: ಕೊಲೆಗಾರರಿಗೂ ಜೀವದಾನ ಬೇಡಿದ ಧರ್ಮಾಧ್ಯಕ್ಷರು

ಯುದ್ಧ ಎಂದಾದರೂ ನ್ಯಾಯಯುತವಾಗಬಲ್ಲುದೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಧರ್ಮಸಭೆ ನೆನೆಯುವ ಹೆಸರು ಸಂತ ಅಗಸ್ಟೀನರದು. ಹಿಂಸಾವಾದಿಗಳ ದಾಳಿಗೆ ಅವರೇ ಗುರಿಯಾಗಿದ್ದರೆಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ.

ಇಂದಿನ ಅಲ್ಜೀರಿಯಾ ದೇಶದ ತಗಾಸ್ತೆಯಲ್ಲಿ 354ರಲ್ಲಿ ಜನಿಸಿದ ಅಗಸ್ಟೀನರು ಯೌವನದಲ್ಲಿ ದಾರಿ ತಪ್ಪಿ ಅಲೆದರು. ತಾಯಿ ಸಂತ ಮೋನಿಕಾರವರ ಕಣ್ಣೀರಿನ ಪ್ರಾರ್ಥನೆ ಫಲಿಸಿತು. 387ರ ಪಾಸ್ಖ ಹಬ್ಬದಂದು ಮಿಲಾನಿನಲ್ಲಿ ಸಂತ ಆಂಬ್ರೋಸರಿಂದ ದೀಕ್ಷಾಸ್ನಾನ ಪಡೆದರು. 391ರಲ್ಲಿ ಹಿಪ್ಪೋ ನಗರದಲ್ಲಿ ಗುರುದೀಕ್ಷೆ ಪಡೆದು, ಕೆಲವೇ ವರ್ಷಗಳಲ್ಲಿ ಅಲ್ಲಿನ ಧರ್ಮಾಧ್ಯಕ್ಷರಾದರು.

ಆಗ ಉತ್ತರ ಆಫ್ರಿಕಾದ ಧರ್ಮಸಭೆ ಡೊನಾಟಿಸ್ಟ್ ಪಂಗಡದಿಂದಾಗಿ ಒಡೆದಿತ್ತು. ಆ ಪಂಗಡದ ಪರವಾಗಿದ್ದ ಸರ್ಕಂಸೆಲಿಯನ್ ಎಂಬ ಗುಂಪುಗಳು ದೊಣ್ಣೆ ಹಿಡಿದು ಊರೂರು ತಿರುಗಿ ಕಥೋಲಿಕ ಗುರುಗಳನ್ನು ಹಿಂಸಿಸುತ್ತಿದ್ದವು. ಒಮ್ಮೆ ಅಗಸ್ಟೀನರಿಗಾಗಿ ದಾರಿಯಲ್ಲಿ ಹೊಂಚು ಹಾಕಿ ಕುಳಿತಿದ್ದರು. ದಾರಿ ತೋರಿಸುವವನು ತಪ್ಪು ಹಾದಿ ಹಿಡಿದದ್ದರಿಂದ ಅವರ ಜೀವ ಉಳಿಯಿತು.

ಮುಂದೆ ಇದೇ ಜನರು ರೆಸ್ಟಿಟ್ಯೂಟಸ್ ಎಂಬ ಗುರುವನ್ನು ಕೊಂದರು. ಇನ್ನೊಬ್ಬ ಗುರುವಿನ ಕಣ್ಣು ಕಿತ್ತು, ಬೆರಳು ಕತ್ತರಿಸಿದರು. ಆರೋಪಿಗಳು ತಪ್ಪೊಪ್ಪಿಕೊಂಡಾಗ ಅಗಸ್ಟೀನರು ಅಧಿಕಾರಿ ಮಾರ್ಸೆಲಿನಸರಿಗೆ ಪತ್ರ ಬರೆದರು. ಅಪರಾಧಿಗಳನ್ನು ತಡೆಯಿರಿ, ಉಪಯುಕ್ತ ದುಡಿಮೆಗೆ ಹಚ್ಚಿರಿ. ಆದರೆ ಕೊಲ್ಲಬೇಡಿ, ಅಂಗಚ್ಛೇದ ಮಾಡಬೇಡಿ ಎಂಬುದು ಅವರ ಬಿನ್ನಹವಾಗಿತ್ತು.

ಯುದ್ಧದ ಬಗೆಗೂ ಅವರ ನಿಲುವು ಇದೇ. ಅಧಿಕಾರವುಳ್ಳವರು ಮಾತ್ರ, ಅನಿವಾರ್ಯವಾದಾಗ ಮಾತ್ರ, ಶಾಂತಿಗಾಗಿಯೇ ಯುದ್ಧಕ್ಕಿಳಿಯಬೇಕು. ಸೇಡು, ಕ್ರೌರ್ಯ, ಅಧಿಕಾರದಾಹಗಳೇ ಯುದ್ಧದ ನಿಜವಾದ ಕೇಡು. ಸೋತವರಿಗೆ ದಯೆ ತೋರಬೇಕು. ಈ ಬೋಧನೆಯನ್ನೇ 13ನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಯೋಗ್ಯ ಅಧಿಕಾರ, ನ್ಯಾಯಯುತ ಕಾರಣ, ಸದುದ್ದೇಶ ಎಂಬ ಮೂರು ಷರತ್ತುಗಳಾಗಿ ಕ್ರಮಪಡಿಸಿದರು.

ಅಗಸ್ಟೀನರಲ್ಲಿ ಕುಂದು ಇರಲಿಲ್ಲವೆಂದಲ್ಲ. ಡೊನಾಟಿಸ್ಟರನ್ನು ಕಾನೂನಿನ ಬಲದಿಂದ ಧರ್ಮಸಭೆಗೆ ಮರಳಿಸುವುದನ್ನು ಅವರು ಕೊನೆಗೆ ಒಪ್ಪಿದರು. ಆ ವಾದವನ್ನು ಮುಂದೆ ಅನೇಕರು ದುರುಪಯೋಗಪಡಿಸಿಕೊಂಡರು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಧಾರ್ಮಿಕ ಸ್ವಾತಂತ್ರ್ಯವನ್ನು ಎತ್ತಿಹಿಡಿಯಿತು.

ವಾಂಡಲರ ಸೈನ್ಯ ಹಿಪ್ಪೋ ನಗರವನ್ನು ಮುತ್ತಿದ್ದಾಗಲೇ, 430ರ ಆಗಸ್ಟ್ 28ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದರು.

2001ರ ಸೆಪ್ಟೆಂಬರ್ 11ರ ಬಳಿಕ ಭಯೋತ್ಪಾದನೆಯ ವಿರುದ್ಧದ ಯುದ್ಧಗಳಲ್ಲಿ ಅಸಂಖ್ಯಾತ ನಿರಪರಾಧಿಗಳು ಸತ್ತಿದ್ದಾರೆ. ಇಷ್ಟು ಸಂಹಾರಶಕ್ತಿಯ ಶಸ್ತ್ರಗಳಿರುವಾಗ ನ್ಯಾಯಯುದ್ಧದ ಮಾತನ್ನಾಡುವುದೇ ಕಷ್ಟವೆಂದು ಪೋಪ್ ಫ್ರಾನ್ಸಿಸರು 2020ರಲ್ಲಿ ಎಚ್ಚರಿಸಿದರು. ಕೇಡನ್ನು ತಡೆಯುವುದು ಕರ್ತವ್ಯ, ಸೇಡು ತೀರಿಸಿಕೊಳ್ಳುವುದು ಪಾಪ. ತಮ್ಮವರ ರಕ್ತ ಹರಿದಾಗಲೂ ಈ ಗೆರೆಯನ್ನು ದಾಟದ ಸಂತರು ನಮಗಾಗಿ ಪ್ರಾರ್ಥಿಸಲಿ.