ಹಕೀಮ್ ಅಜ್ಮಲ್ ಖಾನರು

ಕರೋಲ್‌ಬಾಗಿನ ಅಜ್ಮಲ್ ಖಾನ್ ರಸ್ತೆಯನ್ನು ತುಳಿಯದ ದೆಹಲಿಯ ಕನ್ನಡಿಗರು ವಿರಳ. ಆ ಹೆಸರಿನ ಮಹನೀಯರು 1868ರಲ್ಲಿ ಇದೇ ನಗರದ ಪ್ರಖ್ಯಾತ ಹಕೀಮರ ಮನೆತನದಲ್ಲಿ ಜನಿಸಿದರು.

ಅಂದಿನ ಪರದೆಯ ಮನೆಗಳಲ್ಲಿ ಸ್ತ್ರೀಯರ ಬೇನೆಯನ್ನು ವೈದ್ಯನಿಗೆ ಅರುಹುತ್ತಿದ್ದವರು ಗಂಡ, ಇಲ್ಲವೇ ಅತ್ತೆ. ರೋಗಿಯ ಕೈ ಮಾತ್ರ ಪರದೆಯಿಂದ ಈಚೆಗೆ ಬರುತ್ತಿತ್ತು. ನಾಡಿಯೊಂದೇ ಎಷ್ಟನ್ನು ತಾನೇ ಹೇಳೀತು? ಹೇಳಲು ನಾಚಿದ ನೋವು ಒಳಗೇ ಉಳಿಯುತ್ತಿತ್ತು; ಹೆರಿಗೆಯಲ್ಲಿ ಪ್ರಾಣವೂ ಹೋಗುತ್ತಿತ್ತು. ಹಕೀಮರು ಪರದೆಯೊಡನೆ ಕಾದಾಡಲಿಲ್ಲ. 1909ರಲ್ಲಿ ಸ್ತ್ರೀಯರಿಗಾಗಿಯೇ ವೈದ್ಯಶಾಲೆಯನ್ನು ತೆರೆದು ಸೂಲಗಿತ್ತಿಯರಿಗೆ ಶಿಕ್ಷಣ ಕೊಡಿಸಿದರು. ಹೆಣ್ಣಿನ ನೋವನ್ನು ಹೆಣ್ಣೇ ಕೇಳುವಂತಾಯಿತು. ಅವರ ಬಿರುದು ಪದವಿಗಳಿಗಿಂತ ಇದನ್ನೇ ನಾವು ಹಿರಿದೆಂದು ಎಣಿಸುತ್ತೇವೆ. ಹೊಟ್ಟೆಯಲ್ಲಿ ‘ಸಂಕಟ’ವೆಂದರೆ ಆಪತ್ತೆಂದು ತಿಳಿಯುವ ಈ ಹಿಂದಿಯ ಊರಿನಲ್ಲಿ, ನೋವನ್ನು ಹೇಳಲಾರದ ಕಷ್ಟವು ನಮ್ಮ ಹೋಟೆಲ್ ಕೆಲಸಗಾರರಿಗೂ ಗುಮಾಸ್ತರಿಗೂ ಹೊಸತಲ್ಲವಷ್ಟೆ.

1921ರಲ್ಲಿ ಗಾಂಧೀಜಿಯವರು ಉದ್ಘಾಟಿಸಿದ ಟಿಬ್ಬಿಯಾ ಕಾಲೇಜಿನಲ್ಲಿ ಆಯುರ್ವೇದ, ಯುನಾನಿಗಳೆರಡನ್ನೂ ಹಕೀಮರು ಒಂದೇ ಸೂರಿನಡಿ ತಂದರು. ಅದೇ ವರ್ಷ ಅಹಮದಾಬಾದಿನ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. 1927ರ ಡಿಸೆಂಬರಿನಲ್ಲಿ ಕಾಲವಶರಾದರು. ಕಾಲೇಜು ಕರೋಲ್‌ಬಾಗಿನಲ್ಲಿ ಇಂದಿಗೂ ನಡೆಯುತ್ತಿದೆ.