ನಾಟಕ ಶಾಲೆಯ ಕಾರಂತರು

ಬಿ.ವಿ. ಕಾರಂತರೆಂದರೆ ನಮಗೆಲ್ಲ ಮೊದಲು ನೆನಪಾಗುವುದು ಅವರ ರಂಗಸಂಗೀತ. ಮೇಷ್ಟರಾಗಿಯೂ ಅವರು ದೊಡ್ಡವರು. 1929ರಲ್ಲಿ ಬಂಟ್ವಾಳದ ಬಳಿಯ ಮಂಚಿಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದರು. ವೀರಣ್ಣನವರೇ ಅವರನ್ನು ಓದಲು ಕಾಶಿಗೆ ಕಳಿಸಿದರು (ಎಂಥ ಮಾಲೀಕರು ನೋಡಿ!). 1962ರಲ್ಲಿ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಪದವಿ. 1977ರಲ್ಲಿ, ಅಲ್ಕಾಜಿಯವರ ನಂತರ, ಅದೇ ಶಾಲೆಗೆ ನಿರ್ದೇಶಕರು. ನಾಟಕ ಕಲಿಯಲು ಎಲ್ಲರೂ ದಿಲ್ಲಿಗೇ ಏಕೆ ಬರಬೇಕೆಂದು ದೂರದ ರಾಜ್ಯಗಳಿಗೇ ಶಿಬಿರಗಳನ್ನು ಒಯ್ದರು. 1979ರಲ್ಲಿ ಮ್ಯಾಕ್‌ಬೆತ್ ನಾಟಕದ ಹಿಂದಿ ರೂಪ ‘ಬರ್ನಂ ವನ’ಕ್ಕೆ ಯಕ್ಷಗಾನದ ಹೆಜ್ಜೆ ಹಾಕಿಸಿದರು. ಕನ್ನಡ ಬಾರದ ನಟರು ನಮ್ಮ ಕರಾವಳಿಯ ಕುಣಿತ ಕಲಿತು ಶೇಕ್ಸ್‌ಪಿಯರ್ ಆಡಿದರು! ನಮಗೆ ಹೆಮ್ಮೆ ಅದೇ. 1989ರಲ್ಲಿ ಮೈಸೂರಿಗೆ ಬಂದು ರಂಗಾಯಣ ಕಟ್ಟಿದರು. 2002ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ತೀರಿಕೊಂಡರು.