ಗೊನೋರಿಯಾ ರೋಗಾಣು ಕಂಡ ಡಾಕ್ಟರ್ ಒಪ್ಪಿಗೆ ಕೇಳಲೇ ಇಲ್ಲ

1879ರಲ್ಲಿ ಆಲ್ಬರ್ಟ್ ನೈಸರ್‌ಗೆ ಬರೀ 24 ವರ್ಷ. ಓದುವಾಗ ಕೆಮಿಸ್ಟ್ರಿಯಲ್ಲಿ ಒಮ್ಮೆ ಫೇಲಾಗಿದ್ದ ಹುಡುಗ. (ಬ್ಯಾಕ್‌ಲಾಗ್ ಇಟ್ಕೊಂಡೇ ಎಂಜಿನಿಯರಿಂಗ್ ಮುಗಿಸಿದ ನನಗೆ ಇದು ಸಮಾಧಾನದ ಸಂಗತಿ.) ಆಗ ಜರ್ಮನಿಯಲ್ಲಿದ್ದ, ಈಗ ಪೋಲೆಂಡಿಗೆ ಸೇರಿರುವ ಬ್ರೆಸ್ಲಾವ್ ನಗರದಲ್ಲಿ, ಮೂತ್ರನಾಳದಿಂದ ಕೀವು ಸುರಿಯುತ್ತಿದ್ದ ಗಂಡಸರ ಸ್ಯಾಂಪಲ್‌ಗೆ ಬಣ್ಣ ಹಾಕಿ ಹೊಸ ಝೈಸ್ ಸೂಕ್ಷ್ಮದರ್ಶಕದಲ್ಲಿ ನೋಡಿದ. ಜೋಡಿಜೋಡಿಯಾಗಿ ಕೂತಿದ್ದ ಗುಂಡನೆಯ ಜೀವಿಗಳು ಕಂಡವು. ಗೊನೋರಿಯಾಗೆ ಕಾರಣ ಸಿಕ್ಕಿತ್ತು. ಇವತ್ತಿಗೂ ಆ ಬ್ಯಾಕ್ಟೀರಿಯಾದ ಹೆಸರು ನೈಸೀರಿಯಾ.

ಅದೇ ವರ್ಷ ನಾರ್ವೆಗೆ ಹೋಗಿ ಹ್ಯಾನ್ಸೆನ್ ಎಂಬ ವೈದ್ಯರಿಂದ ಕುಷ್ಠದ ಸ್ಯಾಂಪಲ್ ತಂದ. ಅದಕ್ಕೂ ಚೆನ್ನಾಗಿ ಬಣ್ಣ ಹಾಕಿ, ಕುಷ್ಠದ ರೋಗಾಣು ಕಂಡುಹಿಡಿದವನು ತಾನೇ ಅಂದುಬಿಟ್ಟ. ಹ್ಯಾನ್ಸೆನ್ ಅದನ್ನು 1873ರಲ್ಲೇ ನೋಡಿದ್ದರು. ಜಗಳ ಆಗದೇ ಇರುತ್ತಾ?

27ಕ್ಕೇ ಪ್ರೊಫೆಸರ್, ಚರ್ಮರೋಗ ಕ್ಲಿನಿಕ್‌ನ ಮುಖ್ಯಸ್ಥ. ಆಮೇಲಿನದು ಕರಾಳ. 1892ರ ಹೊತ್ತಿಗೆ ಸಿಫಿಲಿಸ್‌ಗೆ ಲಸಿಕೆ ಹುಡುಕುತ್ತಾ, ಆ ರೋಗಿಗಳ ಸೀರಮ್ಮನ್ನು ಬೇರೆ ಕಾಯಿಲೆಗೆಂದು ಬಂದಿದ್ದ ಹೆಂಗಸರಿಗೆ ಚುಚ್ಚಿದ. ಅವರಲ್ಲಿ ಲೈಂಗಿಕ ಕಾರ್ಯಕರ್ತೆಯರಿದ್ದರು, ಅಪ್ರಾಪ್ತ ಹುಡುಗಿಯರೂ ಇದ್ದರು. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಕೆಲವರಿಗೆ ಸಿಫಿಲಿಸ್ ಬಂತು. ಅದು ಸೀರಮ್‌ನಿಂದಲ್ಲ, ಅವರ ಕಸುಬಿನಿಂದ ಬಂದದ್ದು ಅಂತ ವಾದಿಸಿದ. ಈ ವಾದದ ಧಾಟಿ ನಮಗೇನೂ ಹೊಸದಲ್ಲ ಬಿಡಿ.

ಪತ್ರಿಕೆಗಳು ಬೆನ್ನು ಹತ್ತಿದವು. ಹೆಚ್ಚಿನ ಪ್ರೊಫೆಸರುಗಳು ಅವನ ಪರ ನಿಂತರೂ ಶಿಸ್ತು ನ್ಯಾಯಾಲಯ ದಂಡ ಹಾಕಿತು. ವಿಜ್ಞಾನ ಸರಿಯೋ ತಪ್ಪೋ ಅನ್ನೋದಲ್ಲ, ಒಪ್ಪಿಗೆ ಪಡೆಯಲಿಲ್ಲ ಅನ್ನೋದೇ ಮುಖ್ಯ ತಪ್ಪಾಗಿತ್ತು. 1900ರ ಡಿಸೆಂಬರ್‌ನಲ್ಲಿ ಪ್ರಷ್ಯಾ ಸರ್ಕಾರ, ಅಪಾಯ ವಿವರಿಸಿ ಸ್ಪಷ್ಟ ಒಪ್ಪಿಗೆ ಪಡೆಯದೆ, ಚಿಕಿತ್ಸೆಗಲ್ಲದ ಪ್ರಯೋಗ ಮಾಡಬಾರದು, ಅಪ್ರಾಪ್ತರ ಮೇಲಂತೂ ಕೂಡದು ಎಂದು ಆದೇಶಿಸಿತು. ಆ ಹೆಂಗಸರ ಹೆಸರು ಮಾತ್ರ ಯಾವ ಬ್ಯಾಕ್ಟೀರಿಯಾಕ್ಕೂ ಇಲ್ಲ.

ವಿಚಿತ್ರ ಅಂದ್ರೆ, 1902ರಲ್ಲಿ ಗುಹ್ಯರೋಗಗಳ ವಿರುದ್ಧ ಜರ್ಮನ್ ಸಂಘ ಕಟ್ಟಿದವರಲ್ಲಿ ಇದೇ ನೈಸರ್ ಮುಂಚೂಣಿಯಲ್ಲಿದ್ದ. 1906ರಲ್ಲಿ ಸಿಫಿಲಿಸ್ ಪತ್ತೆಗೆ ಬಂದ ವಾಸರ್‌ಮನ್ ಪರೀಕ್ಷೆಯಲ್ಲೂ ಅವನ ಪಾಲಿದೆ. 1916ರಲ್ಲಿ ಬ್ರೆಸ್ಲಾವ್‌ನಲ್ಲೇ ತೀರಿಕೊಂಡ.

ಗೊನೋರಿಯಾಗೆ ಅವನ ಕಾಲದಲ್ಲಿದ್ದದ್ದು ಬೆಳ್ಳಿಯ ಔಷಧ. 1930ರ ದಶಕದಲ್ಲಿ ಸಲ್ಫಾ ಬಂತು, ಹತ್ತೇ ವರ್ಷದಲ್ಲಿ ಸೋತಿತು. ಪೆನಿಸಿಲಿನ್ನನ್ನೇ ಒಡೆಯುವ ತಳಿಗಳು 1976ರಲ್ಲಿ ಸಿಕ್ಕವು. ಆಮೇಲೆ ಸಿಪ್ರೋಫ್ಲಾಕ್ಸಾಸಿನ್ ಸರದಿ. ಭಾರತದಲ್ಲೂ ಅದು ಈಗ ಹೆಚ್ಚುಕಮ್ಮಿ ಕೆಲಸಕ್ಕೆ ಬಾರದು. ಆದರೂ ನಾಚಿಕೆಗೆ ಟೆಸ್ಟ್ ಮಾಡಿಸದೆ ಮೆಡಿಕಲ್ ಶಾಪ್‌ನಿಂದ ಎರಡು ಮಾತ್ರೆ ನುಂಗಿ ಸುಮ್ಮನಾಗುವ ಗಂಡಸರು ನಮ್ಮಲ್ಲಿದ್ದಾರೆ. ಉಳಿದಿರುವ ಮುಖ್ಯ ಆಸರೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್. ಅದಕ್ಕೂ ಬಗ್ಗದ ತಳಿ 2009ರಲ್ಲೇ ಜಪಾನಿನ ಕ್ಯೋಟೋದಲ್ಲಿ ಸಿಕ್ಕಿತು.